ಸಂಪಿಗೆ ಮೂಗು

ನಮ್ಮ ಕವಿಗಳು ಸುಂದರವಾದ ಮೂಗನ್ನು ಸಂಪಿಗೆಗೆ ಹೋಲಿಸಿದರು. ಆ ಉಪಮೆಯನ್ನು ತರಗತಿಯಲ್ಲಿ ವರ್ಷವರ್ಷವೂ ವಿವರಿಸುವ ನನಗೆ, ಮೇಜಿನ ಮೇಲಿಟ್ಟ ಸಂಪಿಗೆಯ ಪರಿಮಳವೇ ತಿಳಿಯದಂತಾಗಿ ಎರಡು ವರ್ಷಗಳಾಗಿದ್ದುವು. ಮೂಗು ಸದಾ ಕಟ್ಟಿಕೊಂಡಿರುತ್ತಿತ್ತು. ಅನುನಾಸಿಕಗಳ ಪಾಠದಲ್ಲಿ ಮಕಾರವು ಬಕಾರವಾಗಿ ಹೊರಟು, ಹಿಂದಿನ ಬೆಂಚಿನವರಿಗೆ ಹಬ್ಬವಾಗುತ್ತಿತ್ತು.

ಬರಿಯ ನೆಗಡಿಯೆಂದು ಉದಾಸೀನನಾಗಿದ್ದೆ. ಒಂದು ಸಂಜೆ ಅಡುಗೆಮನೆಯ ಪಕ್ಕದಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಐದು ವರ್ಷದ ಮಗಳು ಬಳಿಯಲ್ಲೇ ಆಡುತ್ತಿದ್ದಳು. ಹೊರಗಿನಿಂದ ಬಂದ ನನ್ನಾಕೆ ಹೊಸ್ತಿಲಿನಿಂದಲೇ ಕೂಗಿದಳು: “ರೀ, ಗ್ಯಾಸ್ ಸೋರ್ತಿದೆ! ನಿಮಗೆ ವಾಸನೆ ಬರ್ತಿಲ್ವೆ?” ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಅವಳು ಒಲೆಯ ತಿರುಪನ್ನು ಮುಚ್ಚಿ ಕಿಟಕಿಗಳನ್ನು ತೆರೆದಳು. ನಾನು ಮಗುವನ್ನೆತ್ತಿಕೊಂಡು ಅಂಗಳದಲ್ಲಿ ನಡುಗುತ್ತ ನಿಂತೆ.

ಮರುದಿನ ವೈದ್ಯರು ಸಣ್ಣ ನಳಿಕೆಯಿಂದ ಪರೀಕ್ಷಿಸಿ, ಸೈನಸ್ಸಿನ ಒಳಪೊರೆ ಬಹುಕಾಲದಿಂದ ಊದಿಕೊಂಡಿದೆಯೆಂದೂ, ಮೂಗಿನಲ್ಲಿ ಪಾಲಿಪ್, ಎಂದರೆ ದುರ್ಮಾಂಸ, ದ್ರಾಕ್ಷಿಯ ಗೊಂಚಲಿನಂತೆ ಬೆಳೆದಿದೆಯೆಂದೂ ತಿಳಿಸಿದರು. ರಕ್ತಪರೀಕ್ಷೆಯಲ್ಲಿ ಮತ್ತೊಂದು ವಿಷಯ ಬಯಲಾಯಿತು. ಮಿಲಿಲೀಟರಿಗೆ 20 ನ್ಯಾನೋಗ್ರಾಮಿಗಿಂತ ಕಡಿಮೆಯಿದ್ದರೆ ‘ಡಿ’ ಜೀವಸತ್ವದ ಕೊರತೆ, ನನ್ನದು 11! ಬಿಸಿಲಿಗೆ ಬರವಿಲ್ಲದ ನಾಡಿನಲ್ಲಿ ಇದೆಂಥ ದಾರಿದ್ರ್ಯ! ಆದರೆ ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ಚರ್ಮದಲ್ಲಿ ‘ಡಿ’ ಹುಟ್ಟದಂತೆ.

ವಾರಕ್ಕೊಂದರಂತೆ ಎಂಟು ವಾರ 60,000 ಯೂನಿಟ್ಟಿನ ಗುಳಿಗೆ. ಪ್ರತಿದಿನ ಉಪ್ಪುನೀರಿನಿಂದ ಮೂಗು ತೊಳೆದು ಸ್ಟೀರಾಯ್ಡ್ ಸ್ಪ್ರೇ. ಇದು ಅಪ್ಪಣೆ. ತೊಳೆಯುವುದು ಬೇಸರದ ಕೆಲಸ, ಗುಳಿಗೆ ನುಂಗುವುದು ಸುಲಭ. ಮೊದಲನೆಯದನ್ನು ಬಿಟ್ಟೆ, ಎರಡನೆಯದನ್ನು ದಿನಕ್ಕೊಂದರಂತೆ ನುಂಗಿದರೆ ಗುಣ ಬೇಗ ಬಂದೀತೆಂದು ಲೆಕ್ಕ ಹಾಕಿದೆ. ನನ್ನಾಕೆ ಡಬ್ಬಿಯನ್ನು ಕಿತ್ತುಕೊಂಡು, ನನ್ನನ್ನು ಮತ್ತೆ ವೈದ್ಯರ ಮುಂದೆ ಕೂರಿಸಿದಳು.

“ಮೇಷ್ಟ್ರೇ, ಪಾಲಿಪ್ ಇರುವವರಲ್ಲಿ ‘ಡಿ’ ಕಡಿಮೆಯಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಕೊರತೆ ತುಂಬಿಸಿದರೆ ಉರಿಯೂತಕ್ಕೂ ಸ್ವಲ್ಪ ಹಿತವಾಗಬಹುದು. ಆದರೆ ಗುಳಿಗೆಯಿಂದಲೇ ಪಾಲಿಪ್ ಕರಗುತ್ತದೆಂದು ಸಿದ್ಧವಾಗಿಲ್ಲ. ಹೆಚ್ಚಾದ ‘ಡಿ’ ಮೂತ್ರದಲ್ಲಿ ಹರಿದುಹೋಗುವುದೂ ಇಲ್ಲ, ಮೈಯ ಕೊಬ್ಬಿನಲ್ಲಿ ಉಳಿದು, ರಕ್ತದ ಕ್ಯಾಲ್ಸಿಯಂ ಏರಿಸಿ, ಮೂತ್ರಪಿಂಡಕ್ಕೆ ಕೇಡು ತರುತ್ತದೆ” ಎಂದರು ಅವರು.

ಮೂಗಿಗಿಂತ ಮೂಗುತಿ ಭಾರವಾಗುವುದರಲ್ಲಿತ್ತು! ಅಂದಿನಿಂದ ಗುಳಿಗೆ ವಾರಕ್ಕೊಂದೇ. ಬೆಳಗಾದರೆ, ಕುದಿಸಿ ಆರಿಸಿದ ನೀರಿಗೆ ಉಪ್ಪು ಬೆರೆಸಿ, ಜಲನೇತಿಯ ಗಿಂಡಿ ಹಿಡಿದು ನಿಲ್ಲುತ್ತೇನೆ. ಗುಣ ಅವಸರದಿಂದ ಬರಲಿಲ್ಲ, ತಿಂಗಳುಗಳೇ ಹಿಡಿದುವು. ಪಾಲಿಪ್ ಮರಳಿ ಬೆಳೆಯಬಲ್ಲ ಜಾತಿಯದೆಂದು ಬಲ್ಲೆನಾದ್ದರಿಂದ ಗಿಂಡಿಯನ್ನು ಅಟ್ಟಕ್ಕೇರಿಸಿಲ್ಲ.

ಈಗ ಭಾನುವಾರಗಳಂದು ಮಗಳು ನನ್ನ ಕಣ್ಣು ಮುಚ್ಚಿಸಿ ಪರೀಕ್ಷೆ ನಡೆಸುತ್ತಾಳೆ: ಕಾಫಿಪುಡಿ, ಇಂಗು, ಸಂಪಿಗೆ. ಕಳೆದ ವಾರ ಮೂರಕ್ಕೆ ಎರಡು ಅಂಕ ಬಂದುವು. ತಪ್ಪಿದ್ದು ಇಂಗು, ಸಂಪಿಗೆ ತಿಳಿಯಿತು.