ಅಪ್ಪನ ಬಲಗಾಲು

ಮಾರ್ಕಯನ್‌ಕೋಟ್ಟೈ, ಜುಲೈ 14, 2024

ಗದ್ದೆಯಿಂದ ಬಂದ ಅಪ್ಪ ಕಾಲು ತೊಳೆದುಕೊಳ್ಳುವಾಗ ಬಚ್ಚಲ ಕಲ್ಲಿನ ಮೇಲೆ ರಕ್ತ. ಬಲಗಾಲ ಹೆಬ್ಬೆರಳ ಬುಡದಲ್ಲಿ ಆಣಿ ಬಿರಿದು ಹುಣ್ಣಾಗಿದೆ, ಒಳಗೆ ಮುಳ್ಳಿನ ತುದಿ.

“ಯಾವಾಗ ಚುಚ್ತಪ್ಪಾ?”

“ಮುಳ್ಳಾ? ಎಲ್ಲಿ?”

ಅವ್ವ ಅರಿಶಿನ ತಂದಳು, ಬೇಡವೆಂದೆ. ಉಪ್ಪುನೀರಲ್ಲಿ ತೊಳೆದು ಗಾಜ್ ಸುತ್ತಿದ್ದೇನೆ. ತಿಂಗಳು ತಿಂಗಳು ಸಕ್ಕರೆ ಕಾಯಿಲೆಯ ಮಾತ್ರೆ ಮನೆಬಾಗಿಲಿಗೇ ಬರುತ್ತದೆ, ಅಪ್ಪ ತಪ್ಪದೆ ನುಂಗುತ್ತಾರೆ. ಅಂಗಾಲನ್ನು ಮಾತ್ರ ಯಾರಿಗೂ ತೋರಿಸಿದವರಲ್ಲ.

ಜುಲೈ 15

ತೇನಿಯ ದೊಡ್ಡಾಸ್ಪತ್ರೆ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿನಲ್ಲಿ ಅಲ್ಲಲ್ಲಿ ಊರುತ್ತಾ ಡಾಕ್ಟರು ತಮಿಳಿನಲ್ಲಿ “ತೆರಿಯುದಾ?” (ಗೊತ್ತಾಗುತ್ತಾ?) ಅಂತ ಕೇಳುತ್ತಾ ಹೋದರು. ಅಪ್ಪ ಮುಚ್ಚಿದ ಕಣ್ಣಲ್ಲೇ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಇನ್ನೂ ಮುಟ್ಟಿಲ್ಲ ಅಲ್ವಾ?” ಅಂದರು. ಎಳೆ ಆಗಲೇ ಬಾಗಿತ್ತು.

ಪಾದದ ಮೇಲೆ ನಾಡಿ ಚೆನ್ನಾಗಿ ಸಿಕ್ಕಿತು. ರಕ್ತ ಹರಿಯುತ್ತಿದೆ, ಅಷ್ಟಾದರೂ ನೆಮ್ಮದಿ. ಸ್ಟೀಲ್ ಕಡ್ಡಿ ಹಾಕಿ ನೋಡಿದಾಗ ಮೂಳೆ ತಾಕಲಿಲ್ಲ, ಎಕ್ಸ್‌ರೇಯಲ್ಲೂ ಏನಿಲ್ಲ. ಗಟ್ಟಿಯಾದ ಬಿಳಿ ಅಂಚನ್ನು ಬ್ಲೇಡಿನಿಂದ ಕೆತ್ತಿದಾಗ ಗೊತ್ತಾಯಿತು, ಮೇಲೆ ಕಡಲೆಕಾಳಿನಷ್ಟಿದ್ದ ಹುಣ್ಣು ಒಳಗೆ ರೂಪಾಯಿ ನಾಣ್ಯದಗಲ ಹರಡಿದೆ. ಮರಗಟ್ಟಿಸುವ ಇಂಜೆಕ್ಷನ್ ಇಲ್ಲದೆಯೇ ಕೆತ್ತಿದರು. ಅಪ್ಪ ಫ್ಯಾನು ನೋಡುತ್ತಾ ಮಲಗಿದ್ದರು. ನನಗೆ ಅಳು ಬಂತು.

ಜುಲೈ 20

ಆಡಿ ತಿಂಗಳ ಮೊದಲ ಶನಿವಾರ. ಕುಚ್ಚನೂರು ಶನೀಶ್ವರನಿಗೆ ಬರಿಗಾಲಲ್ಲೇ ಹೋಗಬೇಕೆಂದು ಅಪ್ಪನ ಹಟ. ಈ ಬಿಸಿಲಿಗೆ ಕಾದ ನೆಲದ ಮೇಲೆ ಸ್ಪರ್ಶವಿಲ್ಲದ ಕಾಲಿಟ್ಟರೆ ಬೊಬ್ಬೆ ಎದ್ದದ್ದೂ ತಿಳಿಯುವುದಿಲ್ಲ. “ನಿನ್ನ ಬದಲು ನಾನು ಕಾಗೆಗೆ ಅನ್ನ ಇಟ್ಟು ಬರ್ತೀನಿ” ಅಂತ ಅವ್ವ ಹೊರಟಳು. ಅಪ್ಪ ಸಂಜೆಯವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಜುಲೈ 24

ಕೆಂಪು ಇಳಿದಿದೆ, ಕೀವಿಲ್ಲ. ಮೊಣಕಾಲಿನ ಕೆಳಗಿನವರೆಗೆ ಪ್ಲಾಸ್ಟರ್ ಹಾಕಿದರು. ಹುಣ್ಣಿನ ಮೇಲೆ ಮೈಭಾರ ಬೀಳದಂತೆ ಮಾಡುವುದೇ ಮುಖ್ಯ ಚಿಕಿತ್ಸೆ. ಬಿಚ್ಚಿಡಲು ಬರುವ ಬೂಟು ಕೊಟ್ಟರೆ ಅಪ್ಪ ಬಿಚ್ಚಿಟ್ಟು ಗದ್ದೆಗಿಳಿಯುತ್ತಾರೆ, ಪ್ಲಾಸ್ಟರ್ ಬಿಚ್ಚಲಾಗದು.

ವಾಸಿಯಾದ ಮೇಲೆ ಎಂ.ಸಿ.ಆರ್. (ಮೈಕ್ರೋಸೆಲ್ಯುಲಾರ್ ರಬ್ಬರ್) ಚಪ್ಪಲಿ ಹಾಕಬೇಕಂತೆ. “ಅದು ಕುಷ್ಠದವರ ಚಪ್ಪಲಿ” ಎಂದು ಪಕ್ಕದ ಮನೆಯವರು ಅಂದದ್ದು ಅಪ್ಪನಿಗೆ ನಾಟಿದೆ. ರಾತ್ರಿ ಪಾಲ್ ಬ್ರ್ಯಾಂಡ್ ಕಥೆ ಹೇಳಿದೆ. 1946ರಲ್ಲಿ ವೆಲ್ಲೂರಿಗೆ ಬಂದ ಆ ಸರ್ಜನ್, ಕುಷ್ಠದಲ್ಲಿ ಕಾಲು ಹಾಳಾಗುವುದು ಮಾಂಸ ಕೊಳೆತು ಅಲ್ಲ, ನೋವು ತಿಳಿಯದೆ ಗಾಯದ ಮೇಲೇ ನಡೆಯುವುದರಿಂದ ಎಂದು ಕಂಡುಕೊಂಡರು. ಅಲ್ಲಿ ಕಲಿತದ್ದನ್ನೇ ಮುಂದೆ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯವರ ಕಾಲಿಗೂ ಬಳಸಿದರು. ಆ ಕುಷ್ಠರೋಗಿಗಳ ಋಣ ನಮ್ಮ ಮೇಲಿದೆ, ಆ ಚಪ್ಪಲಿಯಲ್ಲಿ ಅವಮಾನವೇನೂ ಇಲ್ಲ ಅಂದೆ. ಅಪ್ಪ ಕೇಳಿಸಿಕೊಂಡರು, ಒಪ್ಪಿದರೋ ಇಲ್ಲವೋ.

ಆಗಸ್ಟ್ 11

ಪ್ಲಾಸ್ಟರ್ ಬದಲಿಸುವಾಗ ಅಳೆದರು. ಹುಣ್ಣು ಅರ್ಧಕ್ಕಿಂತ ಚಿಕ್ಕದಾಗಿದೆ, ತಳದಲ್ಲಿ ಕೆಂಪು ಹೊಸ ಮಾಂಸ. ನಾಲ್ಕು ವಾರದಲ್ಲಿ ಇಷ್ಟು ಕುಗ್ಗಿದರೆ ವಾಸಿಯಾಗುವ ಭರವಸೆ ಹೆಚ್ಚು ಅಂದರು. ಗದ್ದೆಗೆ ನೀರು ಕಟ್ಟುವುದು ತಮ್ಮನ ಪಾಲಿಗೆ ಬಿದ್ದಿದೆ. ಅಪ್ಪ ಫೋನಿನಲ್ಲೇ ಬೈದು ಬೈದು ಕಲಿಸುತ್ತಾರೆ.

ಇವತ್ತು ಎಡಗಾಲನ್ನೂ ಕನ್ನಡಿ ಹಿಡಿದು ನೋಡಿದೆ. ಹೆಬ್ಬೆರಳ ಬುಡದಲ್ಲಿ ಆಣಿ ಏಳುತ್ತಿದೆ. ಮುಂದಿನ ಸಲ ಅದನ್ನೂ ಕೆತ್ತಿಸಬೇಕು.