ಹೆಬ್ಬೆರಳಿನ ಅಳತೆ: ಮಾಪುಸಾ ಸಂತೆಯಲ್ಲೊಂದು ದಿನ

ವಾಸ್ಕೋದಿಂದ ಮಾಪುಸಾಕ್ಕೆ ಹೋಗುವವರು ಜುವಾರಿ, ಮಾಂಡವಿ ಎಂಬ ಎರಡು ನದಿಗಳನ್ನು ದಾಟಬೇಕು. ಹುಬ್ಬಳ್ಳಿಯ ಕಡೆಯಿಂದ ಬಂದು ಈ ಬಂದರಿನ ಊರಿನಲ್ಲಿ ನೆಲೆನಿಂತ ನಮ್ಮಂಥ ಕುಟುಂಬಗಳಿಗೆ ಅಲ್ಲಿಯ ಶುಕ್ರವಾರದ ಸಂತೆ ಹೊಸತೇನಲ್ಲ. ಆದರೆ ಕಳೆದ ಏಪ್ರಿಲ್ ತಿಂಗಳಲ್ಲಿ ನಾನು ಹೋದದ್ದು ನನ್ನ ಅಗತ್ಯಕ್ಕಲ್ಲ, ನೆರೆಮನೆಯ ಅಜ್ಜಿಗೆ ಜೊತೆಯಾಗಿ. ಬಾರ್ದೇಶ ತಾಲ್ಲೂಕಿನ ತವರಿನ ಈ ಕ್ರೈಸ್ತ ವೃದ್ಧೆ ಪ್ರತಿ ಬೇಸಿಗೆಯಲ್ಲಿಯೂ ಸ್ವಂತ ಕೈಯಿಂದ ಚೊರಿಸ್ ಮಾಡುತ್ತಿದ್ದರು. ಮಣಿಕಟ್ಟಿನ ನೋವಿನಿಂದಾಗಿ ಹೋದ ವರ್ಷ ಅದು ತಪ್ಪಿತ್ತು. "ಈ ಸಲವೂ ತಪ್ಪಿದರೆ ನಮ್ಮ ಮನೆಯಲ್ಲಿ ಅದು ಮುಗಿದಂತೆಯೇ" ಎಂದು ಅವರು ಹೇಳಿದಾಗ, ಯಂತ್ರವೊಂದನ್ನು ಆರಿಸಿ ತರೋಣವೆಂದು ಹೊರಟೆವು.

ಸೊಲ್ಲಾಪುರ, ಆದವಾನಿಗಳ ಕಡೆಯ ಓದುಗರಿಗೆ ಚೊರಿಸ್ ಅಪರಿಚಿತವಾಗಿರಬಹುದು. ಹಂದಿಯ ಮಾಂಸವನ್ನು ಕೊಬ್ಬಿನೊಡನೆ ಸಣ್ಣ ತುಂಡುಗಳಾಗಿ ಹೆಚ್ಚಿ, ಉಪ್ಪು ಬೆರೆಸಿ, ಭಾರ ಹೇರಿ ನೀರಿಳಿಸುತ್ತಾರೆ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಲವಂಗ, ದಾಲ್ಚಿನ್ನಿಗಳನ್ನು ತೆಂಗಿನ ಕಳ್ಳಿನ ವಿನೆಗರಿನಲ್ಲಿ ಅರೆದು ಕಲಸುತ್ತಾರೆ. ಬಳಿಕ ಶುದ್ಧಗೊಳಿಸಿದ ಕರುಳಿನ ಪೊರೆಯೊಳಗೆ ತುಂಬಿ, ದಾರದಿಂದ ಮಣಿಮಣಿಯಾಗಿ ಕಟ್ಟಿ, ಬಿಸಿಲಿಗೋ ಒಲೆಯ ಹೊಗೆಗೋ ತೂಗುಹಾಕುತ್ತಾರೆ. ಹೆಸರು ಪೋರ್ಚುಗೀಸರದು. 1510ರಿಂದ 1961ರವರೆಗೆ ಗೋವೆಯನ್ನಾಳಿದ ಅವರ ನಾಡಿನ ತಿನಿಸಿಗೆ ಇಲ್ಲಿಯ ಕಳ್ಳಿನ ಹುಳಿ ಸೇರಿ ಬೇರೊಂದೇ ಪದಾರ್ಥವಾಯಿತು. ಮಳೆಗಾಲದಲ್ಲಿ ಕಡಲು ಕೆರಳಿ ಮೀನು ದೊರೆಯದ ದಿನಗಳಿಗಾಗಿ ಮಾಡಿಡುವ ಸಂಗ್ರಹಕ್ಕೆ ಇಲ್ಲಿ 'ಪುರುಮೆಂತ್' ಎನ್ನುತ್ತಾರೆ. ಚೊರಿಸ್‌ಗೆ ಅದರಲ್ಲಿ ಮಾನದ ಸ್ಥಾನ.

ಸಂತೆಯಲ್ಲಿ ಚೊರಿಸ್‌ನ ಮಾಲೆಗಳು ಕಡುಗೆಂಪು ಜಪಮಣಿಗಳಂತೆ ತೂಗುತ್ತಿದ್ದವು. ಪಕ್ಕದಲ್ಲೇ ನಮ್ಮ ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿಯ ರಾಶಿ. ಕೊಳ್ಳುವುದಾದರೆ ಇಲ್ಲಿಯೇ ಕೊಳ್ಳಬಹುದಲ್ಲ ಎಂದೆ. ಅಜ್ಜಿ ಒಂದು ಮಾಲೆಯನ್ನು ಮೂಸಿ ನೋಡಿ, "ಚೆನ್ನಾಗಿದೆ, ಆದರೆ ಇದು ಇವರ ಮನೆಯ ಹುಳಿ" ಎಂದು ಮುಂದೆ ನಡೆದರು.

ಪಾತ್ರೆಯಂಗಡಿಯವನು ಮೊದಲು ತೋರಿಸಿದ್ದು ಮೇಜಿನ ಅಂಚಿಗೆ ಬಿಗಿಯುವ ಕೊಚ್ಚುವ ಯಂತ್ರ. ಅದರ ಬಾಯಿಗೆ ಕೊಳವೆ ಜೋಡಿಸಿದರೆ ಮಾಂಸ ನೇರವಾಗಿ ಪೊರೆಯೊಳಗೆ ಇಳಿಯುತ್ತದೆ. ಬೆಲೆಯೂ ಕಡಿಮೆ. ಅಜ್ಜಿ ಒಳಗಿನ ತಿರುಪನ್ನು ನೋಡಿ ತಲೆಯಾಡಿಸಿದರು. ಆ ತಿರುಪು ತುಂಡುಗಳನ್ನು ಹಿಸುಕಿ ಕೊಬ್ಬನ್ನು ಮೆತ್ತಿಬಿಡುತ್ತದೆ. ಅವರ ಚೊರಿಸ್ ಹೆಚ್ಚಿದ ಮಾಂಸದ್ದೇ ಹೊರತು ಅರೆದದ್ದಲ್ಲ. ಮೇಲಾಗಿ ಯಂತ್ರ ಅಲ್ಯೂಮಿನಿಯಮ್ಮಿನದು. ವಿನೆಗರಿನ ಹುಳಿ ಆ ಲೋಹವನ್ನು ತಿನ್ನುತ್ತದೆಂಬುದು ಹುಣಿಸೆಹಣ್ಣಿನ ಸಾರು ಮಾಡುವ ನಮಗೂ ತಿಳಿದ ಮಾತು.

ಎರಡನೆಯದು ಅಗಲ ಬಾಯಿಯ ಸ್ಟೀಲಿನ ಆಲಿಕೆ. ಆಯುಷ್ಯವೆಲ್ಲ ಅವರು ಬಳಸಿದ್ದು ಅಂಥದನ್ನೇ. ತುಂಡು ಕೆಡುವುದಿಲ್ಲ, ತೊಳೆಯುವುದೂ ಸುಲಭ. ಆದರೆ ಅದರಲ್ಲಿ ಮಾಂಸವನ್ನು ಒತ್ತುವುದು ಹೆಬ್ಬೆರಳು; ಸೋತಿದ್ದದ್ದೂ ಅದೇ ಕೈ.

ಮೂರನೆಯದು ನೆಟ್ಟಗೆ ನಿಲ್ಲುವ ಸ್ಟೀಲಿನ ಉರುಳೆ. 3 ಕಿಲೋ ಹಿಡಿಯುವಂಥದು. ಹಿಡಿಕೆ ತಿರುಗಿಸಿದರೆ ಹಲ್ಲುಚಕ್ರಗಳ ಬಲದಿಂದ ಪಿಸ್ಟನ್ ಮೆಲ್ಲನೆ ಕೆಳಗಿಳಿದು ಮಾಂಸವನ್ನು ನೂಕುತ್ತದೆ. ನಮ್ಮ ಚಕ್ಕುಲಿ ಒರಳಿನ ತತ್ತ್ವವೇ! ಸಿಕ್ಕಿಕೊಂಡ ಗಾಳಿ ಹೊರಹೋಗಲು ಪಿಸ್ಟನ್ನಿನಲ್ಲಿ ಪುಟ್ಟ ಕವಾಟವಿದೆ. ಅಂಗಡಿಯವನು ಮೂರು ಅಳತೆಯ ಕೊಳವೆಗಳನ್ನು ಮುಂದಿಟ್ಟ. ಅಜ್ಜಿ ಒಂದೊಂದರ ಬಾಯಿಗೂ ಹೆಬ್ಬೆರಳಿನ ತುದಿಯನ್ನಿಟ್ಟು ನೋಡಿದರು. ಎರಡಕ್ಕೆ ಅದು ಹೋಗಲಿಲ್ಲ. ಮೂರನೆಯದಕ್ಕೆ ಹೊಕ್ಕಿತು. "ನನ್ನ ಬೆರಳು ಹೋದಲ್ಲಿ ನನ್ನ ಮಾಂಸವೂ ಹೋಗುತ್ತದೆ" ಎಂದರು. ಕೊಳವೆ ಕಿರಿದಾದರೆ ತುಂಡು ಕಟ್ಟಿಕೊಳ್ಳುತ್ತದೆ, ಪೊರೆಗಿಂತ ದಪ್ಪವಾದರೆ ಪೊರೆ ಹರಿಯುತ್ತದೆ. ಎಲ್ಲ ಭಾಗಗಳೂ ಬಿಚ್ಚಿ ತೊಳೆಯಲು ಬರುವವೇ ಎಂಬುದನ್ನೂ ಅಲ್ಲಿಯೇ ಬಿಚ್ಚಿಸಿ ಖಚಿತಪಡಿಸಿಕೊಂಡು ಹಣ ಕೊಟ್ಟರು.

ಮುಂದಿನ ವಾರ ಅವರ ಅಡುಗೆಮನೆಯಲ್ಲಿ ಕೆಲಸ ಆರಂಭವಾಯಿತು. ಉಪ್ಪಿನಲ್ಲಿಟ್ಟಿದ್ದ ಪೊರೆಯನ್ನು ನೀರಿನಲ್ಲಿ ನೆನೆಸಿ, ಒಳಗೂ ನೀರು ಹಾಯಿಸಿ ತೊಳೆದಿದ್ದರು. ನಾನು ಮಾಂಸ ತಿನ್ನುವವಳಲ್ಲ. ಆದರೂ ಹಿಡಿಕೆ ತಿರುಗಿಸಲು ನಿಂತೆ. ಅವಸರದಿಂದ ತಿರುಗಿಸಿದ್ದರಿಂದ ಮೊದಲ ಪೊರೆ ಒಡೆದುಹೋಯಿತು. ಅಜ್ಜಿ ಗದರಲಿಲ್ಲ. "ನಿಧಾನ. ಅದು ತುಂಬಿತೆಂದು ನನ್ನ ಕೈ ಹೇಳುತ್ತದೆ, ನಾನು ನಿನಗೆ ಹೇಳುತ್ತೇನೆ" ಎಂದರು. ಅಲ್ಲಿಂದ ಮುಂದೆ ತಿರುಗಿಸುವ ಬಲ ನನ್ನದು, ಅರಿವು ಅವರದು. ಸಿಕ್ಕಿದ ಗಾಳಿಯ ಗುಳ್ಳೆಗಳನ್ನು ಮೊಮ್ಮಗಳು ಸೂಜಿಯಿಂದ ಚುಚ್ಚಿ ಬಿಡಿಸಿ, ದಾರ ಕಟ್ಟಿದಳು. ಹಸಿ ಮಾಂಸದ ತಿನಿಸಾದ್ದರಿಂದ ಚೆನ್ನಾಗಿ ಬೇಯಿಸದೆ ಬಾಯಿಗಿಡಬಾರದೆಂಬ ಪಾಠವೂ ಅವಳಿಗೆ ಅಂದೇ ಆಯಿತು.

ಸಂಜೆ ಗಳುವಿನ ಮೇಲೆ ಸಾಲಾಗಿ ತೂಗುತ್ತಿದ್ದ ಮಾಲೆಗಳನ್ನು ಕಂಡಾಗ ನನಗೆ ನಮ್ಮ ತಾಯಿಯ ಅಂಗಳ ನೆನಪಾಯಿತು. ಅಲ್ಲಿಯೂ ಮಳೆಗಾಲಕ್ಕೆ ಮುಂಚೆ ಗಳುವಿನ ಮೇಲೆ ಶಾವಿಗೆ ಒಣಗುತ್ತಿತ್ತು. ಒಬ್ಬರು ಯಂತ್ರ ತಿರುಗಿಸಿದರೆ ಇನ್ನೊಬ್ಬರು ಎಳೆ ಹಿಡಿಯುತ್ತಿದ್ದರು. ತಾಯಿಯ ಕೈ ಸೋತಾಗ ನಾವು ಮಕ್ಕಳು ಯಂತ್ರವನ್ನು ಗುಜರಿಗೆ ಹಾಕಿ, ಅಂಗಡಿಯ ಪೊಟ್ಟಣ ತಂದುಕೊಟ್ಟೆವು. ಅವರ ಭಾರ ಇಳಿಸಿದೆವೆಂದೇ ಭಾವಿಸಿದ್ದೆವು. ಹಿಡಿಕೆಗೆ ನಮ್ಮ ಕೈಯನ್ನು ಕೊಡಬಹುದಾಗಿತ್ತೆಂಬುದು ಆಗ ನಮಗೆ ಹೊಳೆಯಲಿಲ್ಲ. ಅವರೀಗ ಇಲ್ಲ.

ಮುಂದಿನ ಬಾರಿ ಹುಬ್ಬಳ್ಳಿಗೆ ಹೋದಾಗ ಒಂದು ಶಾವಿಗೆ ಯಂತ್ರವನ್ನು ಕೊಳ್ಳಬೇಕೆಂದಿದ್ದೇನೆ. ಎಳೆ ಹಿಡಿಯಲು ತಾನು ಬರುವೆನೆಂದು ಅಜ್ಜಿಯ ಮೊಮ್ಮಗಳು ಈಗಾಗಲೇ ಮಾತು ಕೊಟ್ಟಿದ್ದಾಳೆ.