ಮೇಲಿನ ಕೋರ್ಟಿಗೆ ಹೋಗುವುದೆಂದರೆ

ಸುರತ್ಕಲ್ಲಿನಲ್ಲಿ ಒಂದು ಸುದ್ದಿ ಮೀನು ಮಾರ್ಕೆಟ್ಟಿನಿಂದ ಹೊರಟು ಲೈಟ್‌ಹೌಸ್ ಮುಟ್ಟುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. ನನ್ನ ಚಿಕ್ಕಮ್ಮನ ಮಗಳು ಹೈಕೋರ್ಟಿಗೆ ಅರ್ಜಿ ಹಾಕಿದ್ದು ಹೀಗೆಯೇ, "ಅವಳು ಜಡ್ಜರ ಮೇಲೆಯೇ ಕೇಸು ಹಾಕಿದ್ದಾಳಂತೆ" ಎಂದಾಯಿತು.

ಚಿಕ್ಕಮ್ಮನಿಗೆ ಗಾಬರಿ. "ಎಂತ ಮಾರಾಯ ಇದು? ನಾಳೆ ಅವರ ಎದುರೇ ನಿಲ್ಲಬೇಕಲ್ಲ, ಸಿಟ್ಟು ಇಟ್ಟುಕೊಂಡರೆ?"

ಆ ಹೆದರಿಕೆ ಸುಳ್ಳಲ್ಲ. ಕುಟುಂಬ ನ್ಯಾಯಾಲಯಕ್ಕೆ ಹೋದವರಿಗೆ ಆ ಒಂದು ಪೀಠವೇ ಇಡೀ ಕಾನೂನು. ತಂಗಿಯ ಗಂಡ ಬೇರೆ ಜಿಲ್ಲೆಯಲ್ಲಿ ವಿಚ್ಛೇದನದ ಅರ್ಜಿ ಹಾಕಿದ್ದ. ನಾಲ್ಕು ವರ್ಷದ ಮಗನೊಂದಿಗೆ ತವರಿಗೆ ಬಂದಿದ್ದ ಇವಳು, ಕೇಸು ಮುಗಿಯುವ ತನಕ ಮಧ್ಯಂತರ ಜೀವನಾಂಶ ಕೊಡಿಸಿ ಎಂದು ಕೇಳಿದ್ದಳು. ಗಂಡನಿಗೆ ನೋಟಿಸು ಮುಟ್ಟಿತು. ಆಮೇಲೆ ಬರೀ ತಾರೀಖುಗಳು. ಒಮ್ಮೆ ಆಕ್ಷೇಪಣೆ ಬಂದಿಲ್ಲ, ಒಮ್ಮೆ ವಕೀಲರಿಲ್ಲ, ಒಮ್ಮೆ ಸಮಯವಿಲ್ಲ. ಒಂದು ಸಲ ನ್ಯಾಯಾಧೀಶರು, "ಮಗುವಿನ ಮುಖ ನೋಡಿಯಾದರೂ ಹೊಂದಿಕೊಳ್ಳಬಾರದಾ?" ಎಂದು ಕೇಳಿದರು.

ಹಾಗೆ ಕೇಳಿದ್ದು ತಪ್ಪೇನಲ್ಲ. ರಾಜಿಗೆ ಪ್ರಯತ್ನಿಸಬೇಕೆಂದು 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯೇ ಹೇಳುತ್ತದೆ. ಆದರೆ ರಾಜಿ ಆಗುವ ತನಕ ಮಗುವಿನ ಹಾಲಿಗೆ, ಶಾಲೆಯ ಫೀಸಿಗೆ ದುಡ್ಡು ಎಲ್ಲಿಂದ? ಅದಕ್ಕೇ ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿಗೆ 2001ರಲ್ಲಿ ಒಂದು ಮಾತು ಸೇರಿತು: ನೋಟಿಸು ಮುಟ್ಟಿದ 60 ದಿನಗಳೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ಇಂಥ ಅರ್ಜಿ ಇತ್ಯರ್ಥವಾಗಬೇಕು. ತಂಗಿಯ ಅರ್ಜಿಗೆ ವರ್ಷ ತುಂಬುತ್ತಿತ್ತು.

ಕುಟುಂಬ ನ್ಯಾಯಾಲಯದ ಅಂತಿಮ ತೀರ್ಪು ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು. ಇಲ್ಲಿ ತೀರ್ಪೇ ಇಲ್ಲವಲ್ಲ! ಆಗ ಉಳಿಯುವ ದಾರಿ ಸಂವಿಧಾನದ 227ನೇ ವಿಧಿ. ಕೆಳಗಿನ ನ್ಯಾಯಾಲಯಗಳ ಮೇಲೆ ಕಣ್ಣಿಡುವ ಅಧಿಕಾರವನ್ನು ಅದು ಹೈಕೋರ್ಟಿಗೆ ಕೊಟ್ಟಿದೆ. ವಕೀಲರು ಅರ್ಜಿಯ ಪ್ರತಿಯನ್ನು ಕೈಗಿಟ್ಟಾಗ ನಾನು ಮೊದಲು ನೋಡಿದ್ದು ಎದುರುದಾರರ ಹೆಸರು. ಅಲ್ಲಿದ್ದದ್ದು ಗಂಡನ ಹೆಸರು ಮಾತ್ರ. ನ್ಯಾಯಾಧೀಶರನ್ನು ಇಂಥ ಅರ್ಜಿಗಳಲ್ಲಿ ಕಕ್ಷಿದಾರರನ್ನಾಗಿ ಎಳೆಯಬಾರದೆಂದು ಗೋರಖ್‌ಪುರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1999ರಲ್ಲೇ ಹೇಳಿದೆಯಂತೆ. ಚಿಕ್ಕಮ್ಮನಿಗೆ ಆ ಪುಟವನ್ನೇ ತೋರಿಸಿದೆ.

ದಾರಿ ಇದೆ ಎಂದ ಮಾತ್ರಕ್ಕೆ ಅದು ಹತ್ತಿರವಿಲ್ಲ. ಹೈಕೋರ್ಟಿನ ಪೀಠಗಳು ಧಾರವಾಡದಲ್ಲಿವೆ, ಕಲಬುರಗಿಯಲ್ಲಿವೆ. ನಮ್ಮ ಊರಿನವರು ಮಾತ್ರ ರಾತ್ರಿ ಬಸ್ಸು ಹತ್ತಿ, ಘಾಟಿ ದಾಟಿ ಬೆಂಗಳೂರಿಗೇ ಹೋಗಬೇಕು. ಜೀವನಾಂಶಕ್ಕಾಗಿ ಅಲೆಯುವವಳ ಬಳಿ ವಕೀಲರ ಫೀಸಿಗೆ ದುಡ್ಡಿರುತ್ತದೆಯೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ತಂಗಿಗೆ ವಕೀಲರು ಸಿಕ್ಕಿದ್ದು ಹಾಗೆ. ನಮ್ಮ ಊರಿನಲ್ಲಿ ಇದನ್ನು ತಿಳಿದವರು ಕಡಿಮೆ.

ಹೈಕೋರ್ಟು ಯಾರನ್ನೂ ಬೈಯಲಿಲ್ಲ. ಇಂತಿಷ್ಟು ವಾರಗಳಲ್ಲಿ ಅರ್ಜಿಯನ್ನು ತೀರ್ಮಾನಿಸಿ ಎಂದು ಚಿಕ್ಕದೊಂದು ಆದೇಶ ಕೊಟ್ಟಿತು, ಅಷ್ಟೆ. ಅದೇ ಪೀಠ, ಅದೇ ನ್ಯಾಯಾಧೀಶರು. ಎರಡೂ ಕಡೆಯವರ ಮಾತು ಕೇಳಿ ತಿಂಗಳಿಗಿಷ್ಟು ಎಂದು ಬರೆಸಿದರು. ಕೇಳಿದ್ದಕ್ಕಿಂತ ಕಡಿಮೆ. ಆದರೂ ಜೂನಿನಲ್ಲಿ ಹುಡುಗ ಹೊಸ ಚೀಲ ಹಾಕಿಕೊಂಡು ಶಾಲೆಗೆ ಹೋದ.

ವಿಚ್ಛೇದನದ ಕೇಸು ಇನ್ನೂ ನಡೆಯುತ್ತಿದೆ. ತಂಗಿ ಈಗ ಕೋರ್ಟಿಗೆ ಒಬ್ಬಳೇ ಹೋಗಿ ಬರುತ್ತಾಳೆ.